ನೀರು ಬಿಟ್ಟ ದಿನವೇ ನೆಟ್ ಯಾಕೆ ಹೋಗುತ್ತೆ? ತುಮಕೂರು, ಕೇಬಲ್ ಕನೆಕ್ಷನ್

ಮೂರನೇಕ್ರಾಸ್ · ಭಾನುವಾರ ಬೆಳಿಗ್ಗೆ 8:10

ನಗೋದಾದ್ರೆ ಪೂರ್ತಿ ಓದಿ ಆಮೇಲೆ ನಗಿ.

ಶೆಟ್ಟಿಹಳ್ಳಿ ಕಡೆ ಮನೆ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಎರಡು ದಿನ ರೈಲು ಹತ್ತಿ ಬೆಂಗಳೂರು. ನೆಟ್ ನಮ್ಮ ಬೀದಿ ಕೇಬಲ್‌ನವರದ್ದು, ಟಿವಿ ಬರೋ ಅದೇ ಕಪ್ಪು ವೈರಲ್ಲಿ ಬರುತ್ತೆ. 100 ಎಂಬಿಪಿಎಸ್ ಪ್ಲಾನ್. ಮಾಮೂಲಿ ದಿನ ಏನೂ ತಕರಾರಿಲ್ಲ. ನಮ್ಮ ಬೀದಿಗೆ ನೀರು ಬಿಟ್ಟ ದಿನ ಮಾತ್ರ, ನೀರು ಬಂದು ಐದು ಹತ್ತು ನಿಮಿಷಕ್ಕೆ ಮೋಡೆಮ್‌ನ ಆನ್‌ಲೈನ್ ದೀಪ ಮಿಣಮಿಣ ಅನ್ನೋಕೆ ಶುರು. ಎರಡು ನಿಮಿಷ ಹೋಗುತ್ತೆ, ಬರುತ್ತೆ, ಮತ್ತೆ ಹೋಗುತ್ತೆ. ನೀರು ನಿಂತ ಮೇಲೆ ಎಲ್ಲ ಸರಿ.

ಇದನ್ನ ಕಂಡುಹಿಡಿದಿದ್ದು ನಾನಲ್ಲ, ನಮ್ಮಮ್ಮ. "ನಲ್ಲಿ ಸದ್ದು ಮಾಡ್ತು ಅಂದ್ರೆ ನಿನ್ನ ಮೀಟಿಂಗ್ ಹೋಯ್ತು ಅಂತಾನೇ" ಅಂದ್ರು. ನಾನು ನಂಬಲಿಲ್ಲ. ಒಂದು ತಿಂಗಳು ಕ್ಯಾಲೆಂಡರ್ ಮೇಲೆ ಗುರುತು ಹಾಕಿದೆ. ಒಂದೂ ತಪ್ಪಿಲ್ಲ.

ಕೇಬಲ್ ಹುಡುಗ ಎರಡು ಸಲ ಮೋಡೆಮ್ ಬದಲಾಯಿಸಿದ. ಮೂರನೇ ಸಲ "ರೂಟರ್ ಬದಲಾಯಿಸಿ ಸಾರ್" ಅಂದ. ಯಾರಿಗಾದ್ರೂ ಹೀಗಾಗಿದೆಯಾ?

ತಟ್ಟೆಇಡ್ಲಿ · 8:22

ಹೇಮಾವತಿ ಬಂದ್ಲು, ವೈಫೈ ಹೋಯ್ತು. ಎರಡೂ ಒಟ್ಟಿಗೆ ಬೇಕು ಅಂದ್ರೆ ಹೆಂಗೆ ಸ್ವಾಮಿ 😄

ಬಟವಾಡಿ_ಬಾಯ್ · 8:31

ವೋಲ್ಟೇಜ್ ಕಣ್ರೀ, ಇನ್ನೇನು. ನೀರು ಬಂದ ತಕ್ಷಣ ಬೀದಿಯವರೆಲ್ಲ ಮೋಟರ್ ಹಾಕ್ತಾರೆ, ವೋಲ್ಟೇಜ್ ಬೀಳುತ್ತೆ, ಮೋಡೆಮ್ ಅಡಾಪ್ಟರ್ ತಡ್ಕೊಳ್ಳಲ್ಲ. ಸ್ಟೆಬಿಲೈಸರ್ ಹಾಕಿ, ಮುಗೀತು.

ಮೂರನೇಕ್ರಾಸ್ · 8:40

ಮೋಡೆಮ್, ರೂಟರ್ ಎರಡೂ ಯುಪಿಎಸ್ ಮೇಲಿವೆ. ಪವರ್ ದೀಪ ಅಲ್ಲಾಡಲ್ಲ. ಮೋಡೆಮ್ ರೀಸ್ಟಾರ್ಟೂ ಆಗಲ್ಲ, ಆನ್‌ಲೈನ್ ದೀಪ ಮಾತ್ರ ಹೋಗುತ್ತೆ.

ಬಟವಾಡಿ_ಬಾಯ್ · 8:43

ನಿಮ್ಮನೇಲಿ ಯುಪಿಎಸ್ ಇದೆ. ಬೀದೀಲಿ ಕೇಬಲ್ ಸಿಗ್ನಲ್ ಜೋರು ಮಾಡೋ ಆಂಪ್ಲಿಫೈಯರ್‌ಗೆ ಇದೆಯಾ?

ಹಳೇಕೇಬಲ್‌ನವ · 9:15

ಬಟವಾಡಿಯವರ ಪ್ರಶ್ನೆ ಸರಿಯಾದದ್ದೇ. ಕೋಆಕ್ಸ್ ಜಾಲದಲ್ಲಿ, ಅಂದ್ರೆ ಈ ಕಪ್ಪು ಟಿವಿ ವೈರಿನ ಜಾಲದಲ್ಲಿ, ಆಂಪ್ಲಿಫೈಯರ್‌ಗಳಿಗೆ ಕರೆಂಟ್ ಹೋಗೋದೂ ಅದೇ ಕೇಬಲ್ ಒಳಗೆ, 60 ಅಥವಾ 90 ವೋಲ್ಟ್ ಎಸಿ. ಅದರ ಪವರ್ ಸಪ್ಲೈ ಸೊರಗಿದ್ರೆ ಬೀದಿಗೆ ಬೀದೀನೇ ಹೋಗುತ್ತೆ. ಆದ್ರೆ ಹಾಗಾಗಿದ್ರೆ ಟಿವೀಲೂ ಚಿತ್ರ ಒಡೀಬೇಕಲ್ಲ. ಮೂರನೇಕ್ರಾಸ್ ಅವರೇ, ಆ ಹೊತ್ತಲ್ಲಿ ಟಿವಿ ಹೇಗಿರುತ್ತೆ?

ಇನ್ನೊಂದು ಕೆಲಸ ಮಾಡಿ. ಬ್ರೌಸರಲ್ಲಿ 192.168.100.1 ಹಾಕಿ. ಬಹುತೇಕ ಕೇಬಲ್ ಮೋಡೆಮ್‌ಗಳ ಸ್ಥಿತಿ ಪುಟ ಅಲ್ಲೇ ಸಿಗುತ್ತೆ. ನೀರಿಲ್ಲದಾಗ ಒಂದು ಫೋಟೋ, ನೀರು ಬಂದಾಗ ಒಂದು ಫೋಟೋ. ಡೌನ್‌ಸ್ಟ್ರೀಮ್ ಪವರ್ (ಮನೆಗೆ ಬರೋ ಸಿಗ್ನಲ್ ಬಲ), ಎಸ್‌ಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು), ಅಪ್‌ಸ್ಟ್ರೀಮ್ ಪವರ್ (ಮನೆಯಿಂದ ವಾಪಸ್ ಹೋಗೋ ಸಿಗ್ನಲ್ ಬಲ), ಈವೆಂಟ್ ಲಾಗ್ (ಮೋಡೆಮ್ ಬರೆದಿಡೋ ದಿನಚರಿ), ಈ ನಾಲ್ಕು ಸಾಕು. ಅದು ಬರೋವರೆಗೂ ಯಾರೂ ಏನೂ ಕೊಂಡ್ಕೋಬೇಡಿ.

ಗುಬ್ಬಿಗೇಟ್ · 9:20

ನಂದೂ 100 ಎಂಬಿಪಿಎಸ್, ಆದ್ರೆ ಡೌನ್‌ಲೋಡ್ ಹಾಕಿದ್ರೆ 12 ಮೇಲೆ ಹೋಗಲ್ಲ. ಇದೂ ನೀರಿನ ದೋಷಾನಾ?

ತಟ್ಟೆಇಡ್ಲಿ · 9:22

ಅದು ಗಣಿತದ ದೋಷ. ಪ್ಲಾನ್ ಇರೋದು ಬಿಟ್ ಲೆಕ್ಕ, ಡೌನ್‌ಲೋಡ್ ತೋರಿಸೋದು ಬೈಟ್ ಲೆಕ್ಕ. 100ನ್ನ 8ರಿಂದ ಭಾಗಿಸಿ, 12.5. ನಿಮ್ಮ ಕೇಬಲ್‌ನವರು ಪ್ರಾಮಾಣಿಕರು, ಹೋಗಿ ಕೈ ಮುಗೀರಿ.

ಮೂರನೇಕ್ರಾಸ್ · ಮಂಗಳವಾರ ಬೆಳಿಗ್ಗೆ 7:05

ಇವತ್ತು ನೀರು ಬಂತು. ಹಲ್ಲುಜ್ಜೋದು ಬಿಟ್ಟು ಫೋಟೋ ತೆಗೆದೆ. ಟಿವಿ ಚೆನ್ನಾಗೇ ಇತ್ತು, ಅಮ್ಮ ಭಕ್ತಿಗೀತೆ ಹಾಕ್ಕೊಂಡಿದ್ರು, ಒಂದು ಚುಕ್ಕಿಯೂ ಒಡೀಲಿಲ್ಲ.

ನೀರಿಗೆ ಮುಂಚೆ: ಡೌನ್‌ಸ್ಟ್ರೀಮ್ 8 ಚಾನೆಲ್, −4ರಿಂದ −2 ಡಿಬಿಎಂವಿ (ಸಿಗ್ನಲ್ ಬಲದ ಅಳತೆ). ಎಸ್‌ಎನ್‌ಆರ್ 36ರ ಆಸುಪಾಸು. ಅಪ್‌ಸ್ಟ್ರೀಮ್ 4 ಚಾನೆಲ್, ನಾಲ್ಕೂ 50.5ರಿಂದ 51.

ನೀರು ಬಂದಾಗ: ಡೌನ್‌ಸ್ಟ್ರೀಮ್ ಅಷ್ಟೇ ಇದೆ. ಎಸ್‌ಎನ್‌ಆರೂ ಅಷ್ಟೇ. ಅಪ್‌ಸ್ಟ್ರೀಮ್ ಎಲ್ಲ 51. ಲಾಗ್ ತುಂಬ "ಟಿ3 ಟೈಮ್‌ಔಟ್" ಅಂತ ಸಾಲು ಸಾಲು, ಮಧ್ಯೆ ಒಂದು ಟಿ4.

ಹಳೇಕೇಬಲ್‌ನವ · 9:48

ಬಂತು ನೋಡಿ. ಕೂತ್ಕೊಳ್ಳಿ, ಸ್ವಲ್ಪ ಉದ್ದ ಆಗುತ್ತೆ.

ಒಂದೇ ವೈರಲ್ಲಿ ಎರಡು ದಾರಿ ಇವೆ. ಮನೆ ಕಡೆ ಬರೋ ದಾರಿ ಮೇಲಿನ ಫ್ರೀಕ್ವೆನ್ಸೀಲಿ, ಅದೇ ಟಿವಿ ಚಾನೆಲ್‌ಗಳ ಪಕ್ಕದಲ್ಲಿ. ಮನೆಯಿಂದ ವಾಪಸ್ ಹೋಗೋ ದಾರಿ ಕೆಳಗೆ, ಯುರೋಪ್ ಪದ್ಧತಿ ಆದ್ರೆ 5ರಿಂದ 65 ಮೆಗಾಹರ್ಟ್ಸ್, ಅಮೆರಿಕದ್ದಾದ್ರೆ 42ರವರೆಗೆ. ನಿಮ್ಮ ಡೌನ್‌ಸ್ಟ್ರೀಮ್ ನೀರು ಬಂದಾಗಲೂ ಕದಲಲಿಲ್ಲ ಅಂದ್ರೆ ಆಂಪ್ಲಿಫೈಯರ್ ಕರೆಂಟ್ ಸರಿಯಿದೆ. ಬಟವಾಡಿಯವರು ಬೇಜಾರ್ ಮಾಡ್ಕೋಬೇಡಿ. ಕೆಟ್ಟಿರೋದು ವಾಪಸ್ ದಾರಿ.

ಟಿ3 ಅಂದ್ರೆ ನಿಮ್ಮ ಮೋಡೆಮ್ "ನಾನಿದೀನಿ" ಅಂತ ಕೂಗ್ತು, ಆ ತುದೀಲಿ ಕೇಬಲ್‌ನವರು ಇಟ್ಟಿರೋ ಸಿಎಂಟಿಎಸ್ ಅನ್ನೋ ಯಂತ್ರದಿಂದ ಉತ್ತರ ಬರಲಿಲ್ಲ. ಇನ್ನೂ ಜೋರಾಗಿ ಕೂಗುತ್ತೆ. ಸತತ 16 ಸಲ ಉತ್ತರ ಇಲ್ಲ ಅಂದ್ರೆ ಕೈಬಿಟ್ಟು ಮೊದಲಿಂದ ಶುರು ಮಾಡುತ್ತೆ. ನಿಮ್ಮ ಎರಡು ನಿಮಿಷ ಹೋಗೋದು ಅಲ್ಲೇ. ನಾಲ್ಕು ಚಾನೆಲ್ ಒಟ್ಟಿಗೆ ಕಟ್ಟಿದಾಗ ಡಾಕ್ಸಿಸ್ 3.0 (ಕೇಬಲ್ ನೆಟ್‌ನ ಸ್ಟ್ಯಾಂಡರ್ಡ್) ಮೋಡೆಮ್‌ಗೆ 51 ಡಿಬಿಎಂವಿ ಅಂದ್ರೆ ಗಂಟಲು ಹರಿಯೋ ಮಟ್ಟ. 38ರಿಂದ 48ರೊಳಗೆ ಇದ್ರೆ ನೆಮ್ಮದಿ.

ಆ ತುದಿಗೆ ಯಾಕೆ ಕೇಳಿಸಲ್ಲ ಅಂದ್ರೆ ಗದ್ದಲ. ಬರೋ ಸಿಗ್ನಲ್ ಒಂದು ಕಡೆಯಿಂದ ನೂರು ಮನೆಗೆ ಹರಿಯುತ್ತೆ, ಒಂದು ಮನೆ ವೈರ್ ಹಾಳಾದ್ರೆ ಆ ಮನೆಗೆ ಮಾತ್ರ ನಷ್ಟ. ವಾಪಸ್ ದಾರಿ ಉಲ್ಟಾ. ನೂರು ಮನೆ ಚರಂಡಿ ಒಂದೇ ಅಮಾನಿಕೆರೆಗೆ ಸೇರಿದ ಹಾಗೆ. ಯಾರೋ ಒಬ್ಬರ ಮನೆ ಕೊಳಕು ಎಲ್ಲರ ಪಾಲು. ನಿಮ್ಮ ಬೀದೀಲಿ ಯಾವುದೋ ಒಂದು ಮೋಟರ್ ಆನ್ ಆದಾಗ ಕಿಡಿ ಹಾರ್ತಿದೆ, ಅದು ಸಡಿಲ ಕೇಬಲ್ ಒಳಗೆ ನುಗ್ತಿದೆ. ನಿಮ್ಮ ಮನೇಲೇ ಇರಬೇಕು ಅಂತಿಲ್ಲ. ಹುಡುಗ ಹತ್ತು ಮೋಡೆಮ್ ಬದಲಾಯಿಸಿದ್ರೂ ಅಷ್ಟೇ.

ಬಟವಾಡಿ_ಬಾಯ್ · 10:02

ಬೇಜಾರಿಲ್ಲ. ಆದ್ರೆ ಒಂದು ಡೌಟು. ಮನೆ ನೀರಿನ ಮೋನೋಬ್ಲಾಕ್ ಇಂಡಕ್ಷನ್ ಮೋಟರ್. ಅದರಲ್ಲಿ ಮಿಕ್ಸಿ ಥರ ಕಾರ್ಬನ್ ಬ್ರಷ್ ಇರಲ್ಲ. ಕಿಡಿ ಎಲ್ಲಿಂದ ಬರುತ್ತೆ?

ವೈಂಡಿಂಗ್_ಶಾಪ್ · 10:30

20 ವರ್ಷದಿಂದ ಇದೇ ಕೆಲಸ, ನಾನು ಹೇಳ್ತೀನಿ. ಸಿಂಗಲ್ ಫೇಸ್ ಮೋಟರಲ್ಲಿ ಸ್ಟಾರ್ಟ್ ಆಗೋವಾಗ ಸೆಂಟ್ರಿಫ್ಯೂಗಲ್ ಸ್ವಿಚ್ ಬಿಡುತ್ತೆ, ಅಲ್ಲಿ ಒಂದು ಕಿಡಿ. ಅದು ಕ್ಷಣದ ಮಾತು. ಅರ್ಧ ಗಂಟೆ ತೊಂದರೆ ಇದೆ ಅಂದ್ರೆ ಸ್ಟಾರ್ಟರ್ ಡಬ್ಬಿ ನೋಡಿ. ಕಾಂಟ್ಯಾಕ್ಟ್ ಸುಟ್ಟು ಕರ್ರಗಾಗಿ ಗುರ್ ಅಂತಿರುತ್ತೆ, ಜನ ಡಬ್ಬಿ ಮೇಲೆ ಒಂದು ಏಟು ಹಾಕಿ ಸುಮ್ಮನಾಗ್ತಾರೆ. ಇಲ್ಲಾಂದ್ರೆ ಸ್ಕ್ರೂ ಸಡಿಲ ಆಗಿರೋ ವೈರ್. ಇವೆರಡೂ ಬಿಡದೆ ಕಿಡಿ ಕಾರ್ತವೆ.

ಸಿಗ್ನಲ್‌ರಾಜ · 10:41

ಇಷ್ಟೊಂದು ಕಥೆ ಯಾಕೆ? ಅಂಗಡೀಲಿ ಒಂದು ಬೂಸ್ಟರ್ ತಂದು ಮೋಡೆಮ್ ಹಿಂದೆ ಹಾಕಿ. ನಮ್ಮಾವನ ಮನೇಲಿ ಟಿವಿಗೆ ಹಾಕಿದ್ವಿ, ಪಳಪಳ ಅಂತಿದೆ.

ಹಳೇಕೇಬಲ್‌ನವ · 10:44

ದಯವಿಟ್ಟು ಬೇಡ. ಟಿವಿ ಬೂಸ್ಟರ್ ಏಕಮುಖ ರಸ್ತೆ. ವಾಪಸ್ ಹೋಗೋ ಸಿಗ್ನಲ್ ಅದರಲ್ಲಿ ದಾಟಲ್ಲ, ಇರೋ ನೆಟ್ಟೂ ಹೋಗುತ್ತೆ. ಎರಡು ದಿಕ್ಕಿನದ್ದೇ ತಂದ್ರೂ ಅದು ಮಾತನ್ನೂ ದೊಡ್ಡದು ಮಾಡುತ್ತೆ, ಗದ್ದಲವನ್ನೂ ದೊಡ್ಡದು ಮಾಡುತ್ತೆ.

ಸಿಗ್ನಲ್‌ರಾಜ · 10:46

ಸರಿ ಬುಡಿ, ಹೇಳಿದ್ದೇ ತಪ್ಪು.

ಕ್ಯಾಂಪಸ್_ಕೋತಿ · 11:20

ಇಸಿ ಓದ್ತಿದೀನಿ, ಒಂದು ಸೇರಿಸಲಾ? ಗದ್ದಲ ಜಾಸ್ತಿ ಆದಾಗ ಆಪರೇಟರ್‌ಗಳು ಅಪ್‌ಸ್ಟ್ರೀಮ್‌ನ 64 ಕ್ವಾಮ್‌ನಿಂದ 16 ಕ್ವಾಮ್‌ಗೆ (ಸಿಗ್ನಲ್‌ಗೆ ಬಿಟ್ ತುಂಬೋ ವಿಧಾನ) ಇಳಿಸ್ತಾರೆ. ಒಂದು ಸಲಕ್ಕೆ 6 ಬಿಟ್ ಹೋಗೋ ಜಾಗದಲ್ಲಿ 4 ಹೋಗುತ್ತೆ. ವೇಗ ಮೂರರಲ್ಲೊಂದು ಪಾಲು ಕಮ್ಮಿ, ಆದ್ರೆ ಕಡಿಯಲ್ಲ. ಡಾಕ್ಸಿಸ್ 3.1 ಬಂದ್ರೆ ಒಎಫ್‌ಡಿಎಂ ಇರುತ್ತೆ, ಅಂದ್ರೆ ಚಾನೆಲ್‌ನ ಸಣ್ಣ ಸಣ್ಣ ಪಟ್ಟಿಗಳಾಗಿ ಒಡೆಯೋದು, ಗದ್ದಲ ಇರೋ ಕಡೆ ಮಾತ್ರ ನಿಧಾನ ಮಾಡಿ ಉಳಿದ ಕಡೆ ಜೋರಾಗಿ ಓಡಿಸಬಹುದು. 10 ಗಿಗಾಬಿಟ್ ಡೌನ್, 1 ಗಿಗಾಬಿಟ್ ಅಪ್. 2013ರಲ್ಲೇ ಬಂದಿದೆ ಆ ಸ್ಟ್ಯಾಂಡರ್ಡ್.

ತಟ್ಟೆಇಡ್ಲಿ · 11:24

ನಮ್ಮ ಬೀದಿಗೆ 2013 ಇನ್ನೂ ಬಂದಿಲ್ಲ ತಮ್ಮಾ.

ಹಳೇಕೇಬಲ್‌ನವ · 11:50

ಹುಡುಗ ಹೇಳಿದ್ದು ಸರಿ. ಆದ್ರೆ 3.1 ಹಾಕಿದ್ರೂ ಬಾಯಿ ತೆರೆದ ಕನೆಕ್ಟರ್ ಬಾಯಿ ಮುಚ್ಚಲ್ಲ.

ಮೂರನೇಕ್ರಾಸ್, ನಿಮ್ಮ ಮನೆ ಮೊದಲು. ವೈರ್ ಮನೆ ಒಳಗೆ ಬಂದ ಮೇಲೆ ಎಷ್ಟು ಸ್ಪ್ಲಿಟರ್ (ಒಂದು ವೈರ್‌ನ ಹಲವು ಮಾಡೋ ಡಬ್ಬಿ) ಇದೆ ಎಣಿಸಿ. ಎರಡು ದಾರಿಯದ್ದು 3.5 ಡಿಬಿ ಸಿಗ್ನಲ್ ತಿನ್ನುತ್ತೆ, ನಾಲ್ಕು ದಾರಿಯದ್ದು 7. ಖಾಲಿ ಬಾಯಿ ಇದ್ರೆ 75 ಓಮ್ ಟರ್ಮಿನೇಟರ್ ಹಾಕಬೇಕು.

ಮೂರನೇಕ್ರಾಸ್ · ಸಂಜೆ 6:15

ಅಟ್ಟದ ಮೇಲೆ ಹತ್ತಿದೆ. ಹಳೇ ಪೇಪರ್ ಕಟ್ಟಿನ ಹಿಂದೆ ಒಂದು ನಾಲ್ಕು ದಾರಿ ಸ್ಪ್ಲಿಟರ್! ತಾತನ ರೂಮಿಗೆ, ಅಕ್ಕನ ರೂಮಿಗೆ ಅಂತ ಯಾವ ಕಾಲದಲ್ಲೋ ಎಳೆದಿದ್ದು. ತಾತ ಇಲ್ಲ, ಅಕ್ಕನಿಗೆ ಮದುವೆಯಾಗಿ ತಿಪಟೂರಿಗೆ ಹೋಗಿ ಒಂಬತ್ತು ವರ್ಷ. ವೈರ್‌ಗಳು ಮಾತ್ರ ಇನ್ನೂ ಗೋಡೇಲಿವೆ. ಟಿವಿಗೆ ಬೇರೆ ಔಟ್‌ಲೆಟ್ಟಿಂದ ಬರ್ತಿದೆ, ಹಾಗಾಗಿ ಸ್ಪ್ಲಿಟರ್ ತೆಗೆದು ನೇರ ಮೋಡೆಮ್‌ಗೆ ಕೊಟ್ಟೆ.

ಈಗ ಅಪ್‌ಸ್ಟ್ರೀಮ್ 44! ಡೌನ್‌ಸ್ಟ್ರೀಮ್ +3ರಿಂದ +5.

ಹಳೇಕೇಬಲ್‌ನವ · 6:20

51ರಲ್ಲಿ 7 ಕಳೆದ್ರೆ 44. ಲೆಕ್ಕ ಕೂತ್ಕೊಂತು. ಆದ್ರೆ ಕುಣೀಬೇಡಿ, ಕಿಡಿ ಹಾರಿಸೋ ಮನೆ ಇನ್ನೂ ಸಿಕ್ಕಿಲ್ಲ. ಕೇಬಲ್ ಹುಡುಗನಿಗೆ ಹೇಳಿ, ಮುಂದಿನ ಸಲ ನೀರು ಬಂದಾಗ ಕಂಬದ ಟ್ಯಾಪ್ (ಮನೆಮನೆಗೆ ಕೇಬಲ್ ಕವಲೊಡೆಯೋ ಡಬ್ಬಿ) ಹತ್ರ ನಿಂತು ಒಂದೊಂದೇ ಮನೆ ವೈರ್ ಬಿಚ್ಚಿ ನೋಡಲಿ. ಯಾವುದನ್ನ ಬಿಚ್ಚಿದಾಗ ಟಿ3 ನಿಲ್ಲುತ್ತೋ ಅದೇ ಕಳ್ಳ.

ಫೈಬರ್_ಭಕ್ತ · 8:05

ಇಷ್ಟು ಹೊತ್ತು ಸುಮ್ಮನೆ ಓದ್ತಿದ್ದೆ. ಸತ್ತ ಹೆಣಕ್ಕೆ ಚಿಕಿತ್ಸೆ ಯಾಕ್ ಮಾಡ್ತೀರಿ? ಫೈಬರ್ ಹಾಕಿಸ್ಕೊಳ್ಳಿ. ಗಾಜಿನೊಳಗೆ ಬೆಳಕು ಹೋಗುತ್ತೆ, ಮೋಟರ್ ಕಿಡಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಳೇಕೇಬಲ್‌ನವ · 8:30

ಒಪ್ಕೋತೀನಿ, ಹೊಸದಾಗಿ ಎಳೆಯೋನು ಕೋಆಕ್ಸ್ ಎಳೆದ್ರೆ ಹುಚ್ಚು. ಆದ್ರೆ ಇರೋ ಕೋಆಕ್ಸ್ ಸತ್ತಿಲ್ಲ. 8 ಮೆಗಾಹರ್ಟ್ಸ್ ಚಾನೆಲಲ್ಲಿ 256 ಕ್ವಾಮ್ ಅಂದ್ರೆ ಸುಮಾರು 50 ಎಂಬಿಪಿಎಸ್, ಎಂಟು ಸೇರಿದ್ರೆ 400. ಒಂದು ನೋಡ್‌ಗೆ (ಫೈಬರ್ ಮುಗಿದು ಕೋಆಕ್ಸ್ ಶುರುವಾಗೋ ಪೆಟ್ಟಿಗೆ) 500 ಮನೆ ಕಟ್ಟಿದ್ರೆ ಅದು ಕೇಬಲ್ ತಪ್ಪಲ್ಲ, ಪ್ಲಾನ್ ಮಾಡಿದೋನ ತಪ್ಪು. ನೋಡ್ ಒಡೆದು ಇನ್ನೂರು ಮನೆಗೆ ಇಳಿಸಿದ್ರೆ ವೇಗವೂ ಬರುತ್ತೆ, ಗದ್ದಲವೂ ಕಮ್ಮಿ ಆಗುತ್ತೆ.

ಹೆಣ ಅಂದಿದ್ದು ಸ್ವಲ್ಪ ಚುಚ್ಚಿತು, ನಿಜ ಹೇಳ್ತೀನಿ. 1994ರಲ್ಲಿ ಉದಯ ಟಿವಿ ಶುರುವಾದಾಗ ಕನೆಕ್ಷನ್‌ಗೆ ಜನ ಮನೆ ಬಾಗಿಲಿಗೆ ಬಂದು ಕೂತಿದ್ರು. ತೆಂಗಿನ ಮರದಿಂದ ಮರಕ್ಕೆ ಟ್ರಂಕ್ ಲೈನ್ ಕಟ್ಟಿದ್ವಿ. ಆಂಪ್ಲಿಫೈಯರ್ ಇಟ್ಟುಕೊಂಡ ಮನೆಗೆ ಕೇಬಲ್ ಫ್ರೀ, ಕರೆಂಟ್ ಅವರದ್ದು. ಗಾಳಿಗೆ ಗರಿ ಬಿದ್ದು ಲೈನ್ ಹರಿದ ರಾತ್ರಿ ಸೀರಿಯಲ್ ತಪ್ಪಿದ್ದಕ್ಕೆ ಬೈದವರೇ ಬೆಳಿಗ್ಗೆ ಕಾಫಿ ಕೊಡ್ತಿದ್ರು.

ಗುಬ್ಬಿಗೇಟ್ · 8:41

ಈಗ ಕಾಫಿ ಇಲ್ಲ, ಒಂದೇ ಒಂದು ಸ್ಟಾರ್ ರೇಟಿಂಗ್.

ಅಳಿಲು_ವೈರಿ · 9:02

ಫೈಬರ್‌ಗೆ ಏನೂ ಆಗಲ್ಲ ಅಂದ್ರಲ್ಲ, ನಮ್ಮ ತೋಟದ ಮನೆಗೆ ಬನ್ನಿ. ಅಳಿಲು ಮೂರು ಸಲ ಕಡಿದಿದೆ. ದೇವರಾಯನದುರ್ಗ ರಸ್ತೇಲಿ ನಮ್ಮ ನೆಂಟರ ಮನೆ, ಅಲ್ಲಿ ಕೋತಿಗಳು ಡ್ರಾಪ್ ವೈರ್ ಹಿಡ್ಕೊಂಡು ಉಯ್ಯಾಲೆ ಆಡ್ತವೆ. ಕೋಆಕ್ಸ್ ಆದ್ರೆ ನಾನೇ ಹಲ್ಲಲ್ಲಿ ಕಚ್ಚಿ ಜಾಯಿಂಟ್ ಹಾಕ್ತಿದ್ದೆ. ಫೈಬರ್‌ಗೆ ಸ್ಪ್ಲೈಸಿಂಗ್ ಮೆಷಿನ್‌ನವನು ಬರೋವರೆಗೂ ಎರಡು ದಿನ ಕಾಯಬೇಕು.

ಹಳೇಕೇಬಲ್‌ನವ · 9:05

ಹಲ್ಲಲ್ಲಿ ಕಚ್ಚಿ ಹಾಕಿದ ಜಾಯಿಂಟೇ ಸ್ವಾಮಿ ಇಡೀ ಬೀದಿಗೆ ಗದ್ದಲ ತರೋದು.

ಹಳ್ಳಿ_ಐಎಸ್‌ಪಿ · ಬುಧವಾರ ಮಧ್ಯಾಹ್ನ 1:10

ಈ ಚರ್ಚೆ ನೋಡಿ ಧೈರ್ಯ ಬಂತು, ಕೇಳೇಬಿಡ್ತೀನಿ. ಗುಬ್ಬಿ ತಾಲೂಕಲ್ಲಿ ಎರಡು ಹಳ್ಳಿ, ಒಟ್ಟು ಇನ್ನೂರು ಚಿಲ್ಲರೆ ಮನೆ. ಈಗ ಟೆರೇಸ್‌ನಿಂದ ಟೆರೇಸ್‌ಗೆ ಲ್ಯಾನ್ ಕೇಬಲ್, ಪ್ರತಿ 100 ಮೀಟರ್ ಒಳಗೆ ಒಂದೊಂದು ಸ್ವಿಚ್. ಹೋದ ಮುಂಗಾರಲ್ಲಿ ಒಂದೇ ಸಿಡಿಲಿಗೆ ಏಳು ಸ್ವಿಚ್ ಹೋದ್ವು. ಜಿಪಾನ್‌ಗೆ, ಅಂದ್ರೆ ಒಂದೇ ಫೈಬರನ್ನ ಹಲವು ಮನೆಗೆ ಒಡೆಯೋ ಪದ್ಧತಿಗೆ, ಹೋಗೋಣ ಅಂತ. ಓಎಲ್‌ಟಿ (ನಮ್ಮ ಕಡೆಯ ಮುಖ್ಯ ಪೆಟ್ಟಿಗೆ) ಇಡೋ ಜಾಗದಿಂದ ದೂರದ ಮನೆ 4 ಕಿಲೋಮೀಟರ್. ಅದರ ಒಂದೊಂದು ಪೋರ್ಟ್‌ನ 64 ಮನೆಗೆ ಒಡೆದ್ರೆ ಪೋರ್ಟ್ ಖರ್ಚು ಉಳಿಯುತ್ತೆ. ಮಾಡಬಹುದಾ?

ಫೈಬರ್_ಭಕ್ತ · 1:35

ಧಾರಾಳವಾಗಿ. ಲೆಕ್ಕ ನೋಡಿ. 1:8 ಸ್ಪ್ಲಿಟರ್ ಒಂದಕ್ಕೆ ಸುಮಾರು 10.5 ಡಿಬಿ ನಷ್ಟ, ಎರಡು ಹಂತ ಅಂದ್ರೆ 21. ಫೈಬರ್ ಕಿಲೋಮೀಟರ್‌ಗೆ 0.35ರಂತೆ 4ಕ್ಕೆ 1.4. ಕನೆಕ್ಟರ್ ನಾಲ್ಕಕ್ಕೆ 2. ಸ್ಪ್ಲೈಸ್ ಆರಕ್ಕೆ 0.6. ಒಟ್ಟು 25. ಓಎಲ್‌ಟಿಯಲ್ಲಿ ಬೆಳಕು ಕಳಿಸೋ ಬಿ ಪ್ಲಸ್ ಮಾಡ್ಯೂಲ್‌ಗೆ 28ರವರೆಗೆ ನಷ್ಟದ ಬಜೆಟ್ ಇದೆ. 3 ಡಿಬಿ ಉಳೀತು.

ಹಳೇಕೇಬಲ್‌ನವ · 2:00

ಆ ಮೂರನ್ನ ಅಳಿಲಿಗೆ ಬರೆದಿಟ್ಟಿದ್ದೀರಾ? ಎರಡು ಸಲ ಕಡಿದು ಜೋಡಿಸಿ, ಒಂದು ಕನೆಕ್ಟರ್ ಮೇಲೆ ಧೂಳು ಕೂತ್ರೆ ಮುಗೀತು. 1:4, ಆಮೇಲೆ 1:8 ಹಾಕಿ 32ಕ್ಕೆ ನಿಲ್ಲಿಸಿ. 3 ಡಿಬಿಗಿಂತ ಜಾಸ್ತಿ ವಾಪಸ್ ಸಿಗುತ್ತೆ. ಜಿಪಾನ್ ಒಂದು ಪೋರ್ಟ್‌ಗೆ ಡೌನ್ 2.5 ಗಿಗಾಬಿಟ್. 64 ಮನೇಲೂ ಒಟ್ಟಿಗೆ ಐಪಿಎಲ್ ನೋಡೋಕೆ ಕೂತ್ರೆ ತಲಾ 39 ಎಂಬಿಪಿಎಸ್, 32 ಆದ್ರೆ 78.

ಫೈಬರ್_ಭಕ್ತ · 2:08

ಹಳ್ಳಿಗೆ 39 ಸಾಲದಾ? ಸರ್ಕಾರದ ಲೆಕ್ಕದಲ್ಲಿ 2 ಎಂಬಿಪಿಎಸ್ ಇದ್ರೂ ಬ್ರಾಡ್‌ಬ್ಯಾಂಡೇ. 2023ಕ್ಕೆ ಮುಂಚೆ ಅದೂ 512 ಕೆಬಿಪಿಎಸ್ ಇತ್ತು.

ಹಳ್ಳಿ_ಐಎಸ್‌ಪಿ · 2:15

"ಹಳ್ಳಿಗೆ ಸಾಲದಾ" ಅನ್ನೋ ಮಾತು ಮಾತ್ರ ಬೇಡ ಅಣ್ಣ. ನಮ್ಮೂರಲ್ಲಿ ಕೊಬ್ಬರಿ ರೇಟ್ ನೋಡೋಕೂ ನೆಟ್ ಬೇಕು, ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ ಮಾಡೋ ಹುಡುಗೀರೂ ಇದ್ದಾರೆ. 32ಕ್ಕೇ ಹೋಗ್ತೀನಿ.

ಫೈಬರ್_ಭಕ್ತ · 2:19

ತಪ್ಪಾಯ್ತು. ಒಂದು ಕಿವಿಮಾತು: ಕನೆಕ್ಟರ್ ತರೋವಾಗ ಹಸಿರು ಅಂದ್ರೆ ಎಲ್ಲ ಕಡೆ ಹಸಿರೇ. ಹಸಿರಿನ ಮುಖ ಓರೆಯಾಗಿ ಉಜ್ಜಿರ್ತಾರೆ, ನೀಲಿದು ನೆಟ್ಟಗಿರುತ್ತೆ. ಎರಡನ್ನೂ ಕೂಡಿಸಿದ್ರೆ ಒಳಗೆ ಸಂದು ಬಿಟ್ಟು ಸಿಗ್ನಲ್ ಸೋರುತ್ತೆ. ನಾನು ಒಂದು ವಾರ ತಲೆ ಕೆಡಿಸ್ಕೊಂಡಿದ್ದೆ.

ತಟ್ಟೆಇಡ್ಲಿ · 2:25

ಇಡ್ಲಿ ತಟ್ಟೆಗೆ ಪಡ್ಡು ಹಿಟ್ಟು ಹುಯ್ದ ಹಾಗೆ. ಕ್ಯಾತ್ಸಂದ್ರದ ಕಡೆ ಬಂದಾಗ ಹೇಳಿ, ಎಲ್ಲರೂ ಸೇರೋಣ.

ಮೂರನೇಕ್ರಾಸ್ · ಶುಕ್ರವಾರ ಬೆಳಿಗ್ಗೆ 9:30

ಕಳ್ಳ ಸಿಕ್ಕ!!

ಬೆಳಿಗ್ಗೆ ಆರಕ್ಕೆ ನೀರು. ಕೇಬಲ್ ಹುಡುಗ ಬರಲ್ಲ ಅಂದ್ಕೊಂಡಿದ್ದೆ, ಬಂದ. ಏಣಿ ಹಾಕಿ ಕಂಬದ ಟ್ಯಾಪ್ ಹತ್ರ ಅವನು, ಕೆಳಗೆ ಲ್ಯಾಪ್‌ಟಾಪ್ ಹಿಡ್ಕೊಂಡು ನಾನು, ಪಕ್ಕದಲ್ಲಿ ಕೊಡ ಹಿಡ್ಕೊಂಡು ಅಮ್ಮ. ಒಂದು ಮನೆ ಬಿಚ್ಚಿದ, ಟಿ3 ಬರ್ತಾನೇ ಇದೆ. ಎರಡನೇದು, ಇದೆ. ನಾಲ್ಕನೇ ವೈರ್ ಬಿಚ್ಚಿದ, ಲಾಗ್ ಗಪ್‌ಚುಪ್. ಮತ್ತೆ ಸಿಗಿಸಿದ, ಶುರು. ಮೂರು ಸಲ ಹೀಗೇ ಮಾಡಿ ನೋಡಿದ್ವಿ.

ನಮ್ಮನೆಯಿಂದ ಮೂರು ಮನೆ ಆಚೆ. ಅವರಿಗೆ ಇಂಟರ್ನೆಟ್ಟೇ ಇಲ್ಲ, ಬರೀ ಟಿವಿ! ಸಂಪ್ ಪಕ್ಕದ ಗೋಡೇಲಿ ಒಂದೇ ಪಿವಿಸಿ ಪೈಪ್ ಒಳಗೆ ಮೋಟರ್ ವೈರೂ ಕೇಬಲ್ಲೂ ಒಟ್ಟಿಗೆ ಇಳಿದಿವೆ. ಪೈಪ್ ತುದೀಲಿ ಕೇಬಲ್‌ಗೆ ಜಾಯಿಂಟ್. ಕನೆಕ್ಟರ್ ಇಲ್ಲ, ಒಳಗಿನ ತಾಮ್ರಕ್ಕೆ ತಾಮ್ರ ಹೊಸೆದು ಮೇಲೆ ಇನ್ಸುಲೇಷನ್ ಟೇಪ್. ಹುಡುಗ ಟೇಪ್ ಬಿಚ್ಚಿದ, ಅಂಟು ಅಂಟಾಗಿ ಕೈಗೆ ಮೆತ್ತಿತು. ಹೊರಗಿನ ಜಾಲರಿ ಒಂದಕ್ಕೊಂದು ತಾಕೇ ಇರಲಿಲ್ಲ, ಮಳೆನೀರು ಕುಡಿದು ಹಸಿರು ಪುಡಿ ಆಗಿತ್ತು. ಅದರ ಒಂದಡಿ ಮೇಲೆ ಸ್ಟಾರ್ಟರ್ ಡಬ್ಬಿ. ಮುಚ್ಚಳ ತೆಗೆದ್ರೆ ಕಾಂಟ್ಯಾಕ್ಟ್ ಒಂದು ಪೂರ್ತಿ ಕಪ್ಪು, ಮಧ್ಯೆ ಚಿಟಚಿಟ ಅಂತ ನೀಲಿ ಕಿಡಿ ಕಣ್ಣಿಗೇ ಕಾಣುತ್ತೆ. ವೈಂಡಿಂಗ್ ಶಾಪ್‌ನವರೇ, ನಿಮಗೊಂದು ನಮಸ್ಕಾರ.

ಜಾಯಿಂಟ್ ಕತ್ತರಿಸಿ ಎರಡು ಕಂಪ್ರೆಷನ್ ಕನೆಕ್ಟರ್, ಮಧ್ಯೆ ಬ್ಯಾರೆಲ್ ಹಾಕಿದ. ಹತ್ತು ನಿಮಿಷದ ಕೆಲಸ. ಮೋಟರ್ ಓಡ್ತಿರುವಾಗಲೇ ಲಾಗ್ ನೋಡಿದೆ, ಒಂದು ಟಿ3 ಇಲ್ಲ. ಸ್ಟಾರ್ಟರ್ ಬದಲಾಯಿಸಿ ಅಂತ ಮನೆಯವರಿಗೆ ಹೇಳಿದ್ದಕ್ಕೆ "ಹನ್ನೊಂದು ವರ್ಷದಿಂದ ಓಡ್ತಿದೆಯಲ್ಲ" ಅಂದ್ರು.

ವೈಂಡಿಂಗ್_ಶಾಪ್ · 9:41

ನೆಟ್ ವಿಷ್ಯ ಬಿಡಿ, ಆ ಡಬ್ಬಿ ಬದಲಾಯಿಸಲೇಬೇಕು. ಸಂಪ್ ಪಕ್ಕ, ನೆಲ ಒದ್ದೆ. ಇವತ್ತೇ ಮತ್ತೊಂದು ಸಲ ಹೋಗಿ ಹೇಳಿ, ಬೇಕಾದ್ರೆ ನಿಮ್ಮಮ್ಮನ್ನ ಕಳಿಸಿ.

ಹಳೇಕೇಬಲ್‌ನವ · 9:50

ಆ ಹುಡುಗನ ಕೈಲಿ ಕಂಪ್ರೆಷನ್ ಟೂಲ್ ಇತ್ತಲ್ಲ, ಅದೇ ಖುಷಿ. ಇಕ್ಕಳದಲ್ಲಿ ಜಜ್ಜೋರೇ ಜಾಸ್ತಿ.

ಮೂರನೇಕ್ರಾಸ್ · 9:58

ಇತ್ತು. ಎರಡು ಸಲ ಸುಮ್ಮಸುಮ್ಮನೆ ಮೋಡೆಮ್ ಬದಲಾಯಿಸಿದ ಅಂತ ಬೈಕೊಂಡಿದ್ದೆ. ಕೇಳಿದ್ರೆ "ಮೇಲಿನವರು ಮೀಟರ್ ಕೊಟ್ಟಿಲ್ಲ ಸಾರ್, ಇಡೀ ವಾರ್ಡ್‌ಗೆ ಒಂದೇ, ಅದೂ ಆಫೀಸಲ್ಲಿರುತ್ತೆ" ಅಂದ. ಏಣಿಯಿಂದ ಇಳಿದ ಮೇಲೆ ಅಮ್ಮ ಕಾಫಿ ಕೊಟ್ರು.

ಬಟವಾಡಿ_ಬಾಯ್ · 10:15

ನಮ್ಮ ಬೀದೀಲೂ ಶನಿವಾರ ನೀರು. 192.168.100.1 ತೆರೆದು ಕೂತಿರ್ತೀನಿ.